‘ಇನ್ನು 50 ವರ್ಷ’ ಅನ್ನೋ ಲೆಕ್ಕ ಯಾಕೆ ಮುಗಿಯೋದೇ ಇಲ್ಲ?

ಪ್ರಶ್ನೆ: ನಾನು ಹೈಸ್ಕೂಲಿನಲ್ಲಿದ್ದಾಗ ‘ಇನ್ನು 30 ವರ್ಷದಲ್ಲಿ ಪೆಟ್ರೋಲ್ ಮುಗಿಯುತ್ತದೆ’ ಅಂತ ಪಾಠದಲ್ಲಿತ್ತು. ಈಗ ಮಗಳ ಪಾಠದಲ್ಲಿ 50 ವರ್ಷ ಅಂತ ಇದೆ. ಬಳಸುತ್ತಾ ಹೋದರೆ ಕಡಿಮೆ ಆಗಬೇಕು, ಇದು ಜಾಸ್ತಿ ಆಗಿದೆಯಲ್ಲ! ಯಾವುದು ಸುಳ್ಳು? ನಿಜವಾಗಿ ಯಾವಾಗ ಮುಗಿಯುತ್ತೆ? ಅವಳು ಕೇಳಿದರೆ ಏನು ಹೇಳಲಿ?

ಉತ್ತರ: ಎರಡೂ ಸುಳ್ಳಲ್ಲ. ಈ ಪ್ರಶ್ನೆ ನನಗೂ ಪರೀಕ್ಷೆಯಲ್ಲಿ ಬಂದಿತ್ತು. ‘30 ವರ್ಷ’ ಅಂತ ಬರೆದು ಪೂರ್ತಿ ಅಂಕ ತೆಗೆದುಕೊಂಡಿದ್ದೆ. ಆ ಗಡುವು ದಾಟಿ ಎಷ್ಟೋ ಕಾಲ ಆಯ್ತು, ಅಂಕ ವಾಪಸ್ ಕೇಳೋಕೆ ಯಾರೂ ಬಂದಿಲ್ಲ.

ಮೊದಲು ಆ ಸಂಖ್ಯೆ ಎಲ್ಲಿಂದ ಬರುತ್ತೆ ನೋಡೋಣ. ಅದು ಬರೀ ಭಾಗಾಕಾರ. ನೆಲದೊಳಗೆ ಖಚಿತವಾಗಿ ಇದೆ ಅಂತ ಲೆಕ್ಕ ಹಾಕಿರುವ ಕಚ್ಚಾ ತೈಲ ಸುಮಾರು 1,70,000 ಕೋಟಿ ಬ್ಯಾರೆಲ್. ಒಂದು ಬ್ಯಾರೆಲ್ ಅಂದರೆ 159 ಲೀಟರ್. ಇಡೀ ಜಗತ್ತು ದಿನಕ್ಕೆ ಹೆಚ್ಚು ಕಡಿಮೆ 10 ಕೋಟಿ ಬ್ಯಾರೆಲ್ ಖರ್ಚು ಮಾಡುತ್ತದೆ, ವರ್ಷಕ್ಕೆ 3,650 ಕೋಟಿ. ಇರುವ ತೈಲವನ್ನು ವರ್ಷದ ಖರ್ಚಿನಿಂದ ಭಾಗಿಸಿದರೆ 47ರ ಹತ್ತಿರ ಬರುತ್ತದೆ. ಪಾಠ ಬರೆಯುವವರು ಅದನ್ನು ದುಂಡಗೆ 50 ಮಾಡುತ್ತಾರೆ. ಅನಿಲಕ್ಕೆ ಇದೇ ಲೆಕ್ಕ ಹಾಕಿದರೂ 50ರ ಆಸುಪಾಸು, ಕಲ್ಲಿದ್ದಲಿಗೆ 140ರ ಹತ್ತಿರ.

ಈಗ 1980ಕ್ಕೆ ಹೋಗಿ ಇದೇ ಭಾಗಾಕಾರ ಮಾಡಿ. ಆಗ ಗೊತ್ತಿದ್ದ ತೈಲ ಸುಮಾರು 68,000 ಕೋಟಿ ಬ್ಯಾರೆಲ್. ಆಗಿನ ಖರ್ಚಿಗೆ ಅದು ಬರೋಬ್ಬರಿ 30 ವರ್ಷಕ್ಕೆ ಸಾಕಾಗುತ್ತಿತ್ತು. ನಿಮ್ಮ ಪಾಠದ 30 ಬಂದಿದ್ದು ಇಲ್ಲಿಂದಲೇ ಇರಬೇಕು. ಆದರೆ 1980ರಿಂದ 2020ರೊಳಗೆ ಜಗತ್ತು 1,00,000 ಕೋಟಿ ಬ್ಯಾರೆಲ್‌ಗಿಂತ ಜಾಸ್ತಿ ಸುಟ್ಟಿದೆ. ಅಂದರೆ ಡಬ್ಬಿಯಲ್ಲಿ ಇದ್ದದ್ದಕ್ಕಿಂತ ಹೆಚ್ಚು ತೆಗೆದು ಬಳಸಿದ್ದೇವೆ, ಡಬ್ಬಿಯಲ್ಲಿ ಮಾತ್ರ ಮೊದಲಿಗಿಂತ ಎರಡೂವರೆ ಪಟ್ಟು ಉಳಿದಿದೆ! ಅಕ್ಷಯಪಾತ್ರೆ ಅನ್ನಿಸುತ್ತೆ, ಅಲ್ವಾ?

ಅಕ್ಷಯಪಾತ್ರೆ ಏನೂ ಇಲ್ಲ. ಗುಟ್ಟು ‘ಖಚಿತವಾಗಿ ಇದೆ’ ಅನ್ನೋ ಮಾತಿನಲ್ಲಿದೆ. ನೆಲದಡಿ ಎಷ್ಟು ತೈಲ ಇದೆ ಅನ್ನೋದನ್ನು ಅದು ಹೇಳುವುದಿಲ್ಲ. ಇವತ್ತಿನ ಯಂತ್ರಗಳಿಂದ, ಇವತ್ತಿನ ಬೆಲೆಗೆ, ನಷ್ಟ ಆಗದ ಹಾಗೆ ಎಷ್ಟು ತೆಗೆಯಬಹುದು ಅಂತ ಮಾತ್ರ ಹೇಳುತ್ತದೆ. ಬೆಲೆ ಏರಿದರೆ ನಿನ್ನೆವರೆಗೆ ‘ತೆಗೆಯೋಕೆ ಲಾಭವಿಲ್ಲ’ ಅಂತ ಬಿಟ್ಟಿದ್ದ ತೈಲವೂ ಪಟ್ಟಿಗೆ ಸೇರುತ್ತದೆ. ಬೆಲೆ ಬಿದ್ದರೆ ಅದೇ ತೈಲ ಪಟ್ಟಿಯಿಂದ ಆಚೆ ಹೋಗುತ್ತದೆ. ಕೆಳಗೆ ಒಂದು ಹನಿಯೂ ಅಲುಗಾಡಿರುವುದಿಲ್ಲ.

ಇನ್ನೊಂದು ಕಾರಣ ಕಲ್ಲಿನದ್ದು. ತೈಲ ಅಂದರೆ ನೆಲದಡಿಯ ಕಪ್ಪು ಕೆರೆ, ಪೈಪು ಇಳಿಬಿಟ್ಟು ಹೀರಿಕೊಂಡರೆ ಆಯ್ತು ಅಂತ ನಾನು ತುಂಬಾ ದಿನ ಅಂದುಕೊಂಡಿದ್ದೆ. ಕೆರೆ ಅಲ್ಲ, ಕಲ್ಲು. ಬಾವಿ ಕೊರೆಯುವಾಗ ಕೋಲಿನಂಥ ಬಂಡೆಯ ತುಂಡನ್ನು ಮೇಲಕ್ಕೆ ತೆಗೆಯುತ್ತಾರೆ. ನೋಡೋಕೆ ಮಾಮೂಲಿ ಮರಳುಗಲ್ಲು, ಕಂದು ಬಣ್ಣ. ಭೂತಗನ್ನಡಿ ಹಿಡಿದರೆ ಮರಳಿನ ಕಣಗಳ ನಡುವೆ ಸಣ್ಣ ಸಣ್ಣ ಸಂದುಗಳು ಕಾಣುತ್ತವೆ. ತೈಲ ಇರುವುದು ಆ ಸಂದುಗಳಲ್ಲಿ, ಕಣಕ್ಕೆ ಅಂಟಿಕೊಂಡು. ಬಾವಿ ತೋಡಿದಾಗ ಮೊದಲು ಒಳಗಿನ ಒತ್ತಡಕ್ಕೆ ತಾನಾಗಿ ಮೇಲೆ ಬರುತ್ತದೆ. ಆಮೇಲೆ ಪಂಪ್ ಬೇಕು. ಆಮೇಲೆ ಪಕ್ಕದ ಬಾವಿಯಿಂದ ನೀರು ನುಗ್ಗಿಸಿ ತಳ್ಳಬೇಕು, ಅದೂ ಸಾಲದೆ ಹೋದರೆ ಅನಿಲವನ್ನೋ ಉಗಿಯನ್ನೋ ತುಂಬಬೇಕು. ಇಷ್ಟೆಲ್ಲ ಮಾಡಿದರೂ ಸರಾಸರಿ ಮೂರರಲ್ಲಿ ಒಂದು ಪಾಲು ಮಾತ್ರ ಮೇಲೆ ಬರುತ್ತದೆ. ಉಳಿದದ್ದು ಕಲ್ಲಲ್ಲೇ. ಹೊಸ ತಂತ್ರ ಬಂದು ಆ ಪಾಲು ಸ್ವಲ್ಪ ಏರಿದರೂ ಸಾಕು, ಹೊಸ ಬಾವಿ ಹುಡುಕದೆಯೇ ‘ಇನ್ನು ಇಷ್ಟು ವರ್ಷ’ ಅನ್ನೋ ಸಂಖ್ಯೆ ಮೇಲೆ ಹೋಗುತ್ತದೆ.

ಇನ್ನು ಕಾಗದದ ಮೇಲಷ್ಟೇ ಬೆಳೆದ ತೈಲವೂ ಇದೆ. 1988ರ ಸುಮಾರಿಗೆ ಸೌದಿ ಅರೇಬಿಯಾ ತನ್ನ ನಿಕ್ಷೇಪವನ್ನು ಒಂದೇ ಸಲಕ್ಕೆ 17,000 ಕೋಟಿ ಬ್ಯಾರೆಲ್‌ನಿಂದ 25,500 ಕೋಟಿಗೆ ಏರಿಸಿ ತೋರಿಸಿತು. ಆ ದಶಕದಲ್ಲಿ ತೈಲ ರಫ್ತು ಮಾಡುವ ದೇಶಗಳ ಕೂಟವಾದ ಒಪೆಕ್‌ನ ಬೇರೆ ಸದಸ್ಯರೂ ಹೀಗೇ ಮಾಡಿದರು. ಯಾರು ಎಷ್ಟು ತೈಲ ತೆಗೆಯಬಹುದು ಅನ್ನೋ ಹಂಚಿಕೆಯ ಮಾತು ಕೂಟದೊಳಗೆ ನಡೆಯುತ್ತಿದ್ದ ಕಾಲ ಅದು. ಹೆಚ್ಚು ಇಟ್ಟುಕೊಂಡವರಿಗೆ ಮಾತಿನಲ್ಲೂ ಹೆಚ್ಚು ತೂಕ. ಹಾಗಾಗಿ ಆ ಅಂಕಿಗಳ ಬಗ್ಗೆ ತಜ್ಞರಿಗೆ ಇವತ್ತಿಗೂ ಅನುಮಾನ ಇದೆ. ನನಗೂ ಇದೆ.

ಹಾಗಾದರೆ ಮುಗಿಯುತ್ತೆ ಅಂದವರೆಲ್ಲ ಮೋಸಹೋದರಾ? ಅಷ್ಟು ಸುಲಭಕ್ಕೆ ಹಾಗನ್ನಲಾಗದು. ಶೆಲ್ ಕಂಪನಿಯಲ್ಲಿದ್ದ ಕಿಂಗ್ ಹಬರ್ಟ್ ಅನ್ನೋ ಭೂವಿಜ್ಞಾನಿ 1956ರಲ್ಲಿ ಒಂದು ಲೆಕ್ಕ ಮುಂದಿಟ್ಟರು. ಅಮೆರಿಕದ ತೈಲ ಉತ್ಪಾದನೆ 1965 ಮತ್ತು 1970ರ ನಡುವೆ ತುದಿ ಮುಟ್ಟಿ, ಅಲ್ಲಿಂದ ಇಳಿಯುತ್ತದೆ ಅಂತ. ಎಷ್ಟೋ ಜನ ನಕ್ಕರು. 1970ರಲ್ಲಿ ದಿನಕ್ಕೆ 96 ಲಕ್ಷ ಬ್ಯಾರೆಲ್ ಮುಟ್ಟಿ, ಅವರು ಹೇಳಿದ ಹಾಗೇ ಇಳಿಯತೊಡಗಿತು. 2008ರ ಹೊತ್ತಿಗೆ 50 ಲಕ್ಷಕ್ಕೆ ಬಂತು. ಆಮೇಲೆ ಹಬರ್ಟ್ ಕಾಣದೇ ಇದ್ದದ್ದು ನಡೆಯಿತು. ಗಟ್ಟಿ ಶೇಲ್ ಕಲ್ಲಿನೊಳಗೆ ಬಾವಿಯನ್ನು ಅಡ್ಡಡ್ಡವಾಗಿ ಕೊರೆದು, ಭಾರಿ ಒತ್ತಡದಲ್ಲಿ ನೀರು, ಮರಳು, ರಾಸಾಯನಿಕ ನುಗ್ಗಿಸಿ ಕಲ್ಲನ್ನೇ ಸೀಳುವ ವಿಧಾನ ಕೈಗೂಡಿತು. 2023ಕ್ಕೆ ಉತ್ಪಾದನೆ ದಿನಕ್ಕೆ 1.29 ಕೋಟಿ ಬ್ಯಾರೆಲ್.

ಇದಕ್ಕೆ ತೆತ್ತ ಬೆಲೆಯನ್ನೂ ನೋಡಿ. ಇಂಥ ಒಂದು ಬಾವಿಗೆ ಕೋಟಿಗಟ್ಟಲೆ ಲೀಟರ್ ನೀರು ಬೇಕು. ಮೊದಲ ಒಂದೆರಡು ವರ್ಷದಲ್ಲೇ ಅದರ ಹರಿವು ಅರ್ಧಕ್ಕಿಂತ ಕೆಳಗೆ ಬೀಳುತ್ತದೆ. ಹಾಗಾಗಿ ಕೊರೆಯುತ್ತಲೇ ಇರಬೇಕು. ತೈಲದ ಜೊತೆ ಬರುವ ಉಪ್ಪು ನೀರನ್ನು ಎಲ್ಲಿ ಬಿಡುವುದು? ಅಮೆರಿಕದ ಒಕ್ಲಹೋಮಾ ರಾಜ್ಯದಲ್ಲಿ ಅದನ್ನು ಮತ್ತೆ ನೆಲದಾಳಕ್ಕೆ ತುಂಬಿದರು. ಭೂಕಂಪಗಳು ಶುರುವಾದವು. 2016ರ ಸೆಪ್ಟೆಂಬರ್‌ನಲ್ಲಿ ಪಾನಿ ಊರಿನ ಹತ್ತಿರ 5.8 ತೀವ್ರತೆಯ ಕಂಪನ ಆಯ್ತು. ಕೆನಡಾದ ಅಲ್ಬರ್ಟಾದಲ್ಲಿ ತೈಲ ದ್ರವವಾಗಿಯೂ ಇಲ್ಲ, ಮರಳಿಗೆ ಮೆತ್ತಿದ ಡಾಂಬರಿನ ಹಾಗಿದೆ. ಮೇಲ್ಪದರದಲ್ಲಿದ್ದರೆ ಕಾಡು ಕಡಿದು, ಮಣ್ಣು ಬಗೆದು, ಬಿಸಿನೀರಲ್ಲಿ ತೊಳೆಯಬೇಕು. ಒಂದು ಬ್ಯಾರೆಲ್‌ಗೆ ಸುಮಾರು 2 ಟನ್ ಮರಳು.

1859ರಲ್ಲಿ ಪೆನ್ಸಿಲ್ವೇನಿಯಾದ ಟೈಟಸ್‌ವಿಲ್‌ನಲ್ಲಿ ಎಡ್ವಿನ್ ಡ್ರೇಕ್ ತೈಲ ಕಂಡದ್ದು ಬರೀ 21 ಮೀಟರ್ ಆಳದಲ್ಲಿ. 2010ರಲ್ಲಿ ಮೆಕ್ಸಿಕೋ ಕೊಲ್ಲಿಯಲ್ಲಿ ಡೀಪ್‌ವಾಟರ್ ಹೊರೈಜನ್ ಅನ್ನೋ ತೈಲ ಕೊರೆಯುವ ತೇಲುವ ವೇದಿಕೆ ಸ್ಫೋಟವಾದಾಗ ಬಾವಿಯ ಬಾಯಿಯೇ ಸಮುದ್ರದ ಮಟ್ಟದಿಂದ 1,500 ಮೀಟರ್ ಕೆಳಗಿತ್ತು. 11 ಜನ ಸತ್ತರು. ಸೋರಿಕೆ ನಿಲ್ಲಿಸೋಕೆ 87 ದಿನ ಹಿಡಿಯಿತು. ಖಾಲಿಯಾಗ್ತಾ ಇದೆ ಅಂದರೆ ನನ್ನ ಪ್ರಕಾರ ಇದೇ. ಕೈಗೆಟುಕುವ ಹಣ್ಣೆಲ್ಲ ಮೊದಲೇ ಕಿತ್ತಾಗಿದೆ. ಈಗ ತುದಿಕೊಂಬೆಗೆ ಹತ್ತಿದ್ದೇವೆ, ಏಣಿಗೂ ಅದೇ ಮರ ಕಡಿಯುತ್ತಿದ್ದೇವೆ.

ಇಷ್ಟು ಕಷ್ಟಪಟ್ಟಾದರೂ ಯಾಕೆ ತೆಗೀಬೇಕು ಅಂದರೆ, ಒಂದು ಲೀಟರ್ ಪೆಟ್ರೋಲಿನಲ್ಲಿ, ಕರೆಂಟ್ ಬಿಲ್ಲಿನ ಲೆಕ್ಕದಲ್ಲಿ, ಸುಮಾರು 9 ಯೂನಿಟ್ ಶಕ್ತಿ ಇದೆ. ಗಟ್ಟಿಮುಟ್ಟಾದ ಮನುಷ್ಯ ಇಡೀ ದಿನ ಬೆವರು ಸುರಿಸಿ ದುಡಿದರೆ ಕೊಡುವುದು ಅರ್ಧ ಯೂನಿಟ್‌ಗಿಂತ ಸ್ವಲ್ಪ ಹೆಚ್ಚು. ಇಂಜಿನ್‌ನಲ್ಲಿ ಮುಕ್ಕಾಲು ಪಾಲು ಸುಮ್ನೆ ಶಾಖವಾಗಿ ಹೋದರೂ ಒಂದು ಲೀಟರ್ ಅಂದರೆ ಒಬ್ಬ ಆಳಿನ ಮೂರ್ನಾಲ್ಕು ದಿನದ ದುಡಿಮೆ. ಇಂಥದ್ದನ್ನು ಬಿಡೋದು ಯಾರಿಗೂ ಸುಲಭವಲ್ಲ.

ಈಗ ಅದೇ ಲೀಟರನ್ನು ತಕ್ಕಡಿಗೆ ಹಾಕೋಣ. ಪೆಟ್ರೋಲ್ ನೀರಿಗಿಂತ ಹಗುರ, ಲೀಟರಿಗೆ ಸುಮಾರು 750 ಗ್ರಾಂ. ಅದರಲ್ಲಿ ಇಂಗಾಲ 640 ಗ್ರಾಂ. ಉರಿಯುವಾಗ ಇಂಗಾಲದ ಒಂದೊಂದು ಪರಮಾಣು ಗಾಳಿಯಿಂದ ಎರಡು ಆಮ್ಲಜನಕದ ಪರಮಾಣು ಹಿಡಿದುಕೊಳ್ಳುತ್ತದೆ. 12 ಗ್ರಾಂ ಇಂಗಾಲಕ್ಕೆ 32 ಗ್ರಾಂ ಆಮ್ಲಜನಕ ಸೇರಿ 44 ಗ್ರಾಂ ಕಾರ್ಬನ್ ಡೈಆಕ್ಸೈಡ್. ಹಾಗೆ ಒಂದು ಲೀಟರ್‌ನಿಂದ ಆಚೆ ಬರುವುದು 2.3 ಕೆಜಿ! ಹಾಕಿದ್ದು ಮುಕ್ಕಾಲು ಕೆಜಿ, ಬಿಟ್ಟಿದ್ದು ಅದರ ಮೂರು ಪಟ್ಟು. 40 ಲೀಟರಿನ ಟ್ಯಾಂಕ್ ಒಮ್ಮೆ ಖಾಲಿ ಮಾಡಿದರೆ 90 ಕೆಜಿ ದಾಟುತ್ತದೆ, ಒಬ್ಬ ದಪ್ಪ ಆಸಾಮಿಯ ತೂಕ. ಬಣ್ಣವಿಲ್ಲ, ವಾಸನೆಯಿಲ್ಲ, ಹಾಗಾಗಿ ಗೊತ್ತಾಗಲ್ಲ. ಅದು ಕಲ್ಲಿನ ಹಾಗೆ ದಬ್ಬನೆ ಹಿಂದೆ ಬೀಳುತ್ತಿದ್ದರೆ ಈ ಪ್ರಶ್ನೆಯೇ ಬೇರೆ ಥರ ಇರುತ್ತಿತ್ತು.

ಬಿಟ್ಟದ್ದರಲ್ಲಿ ಅರ್ಧಕ್ಕಿಂತ ಸ್ವಲ್ಪ ಹೆಚ್ಚನ್ನು ಗಿಡಮರ, ಮಣ್ಣು, ಸಮುದ್ರ ಹೀರಿಕೊಳ್ಳುತ್ತವೆ. ಸಮುದ್ರಕ್ಕೆ ಹೋದ ಪಾಲು ಅಲ್ಲಿನ ನೀರಿನ ಹುಳಿ ಹೆಚ್ಚಿಸಿ ಹವಳಕ್ಕೆ, ಚಿಪ್ಪಿನ ಜೀವಿಗಳಿಗೆ ಕಾಟ ಕೊಡುತ್ತದೆ. ಉಳಿದದ್ದು ಗಾಳಿಯಲ್ಲೇ ಸೇರುತ್ತಾ ಹೋಗುತ್ತದೆ. ಹವಾಯಿಯ ಮೌನಾ ಲೋವಾ ಬೆಟ್ಟದ ಮೇಲೆ 1958ರಲ್ಲಿ ಅಳೆಯೋಕೆ ಶುರುಮಾಡಿದಾಗ ಗಾಳಿಯ ಹತ್ತು ಲಕ್ಷ ಅಣುಗಳಲ್ಲಿ 315 ಕಾರ್ಬನ್ ಡೈಆಕ್ಸೈಡ್‌ನವು. ಕಾರ್ಖಾನೆಗಳ ಕಾಲಕ್ಕೆ ಮುಂಚೆ 280ರಷ್ಟಿತ್ತು. 2024ರ ಹೊತ್ತಿಗೆ 420 ದಾಟಿತ್ತು. ಕೈಗಾರಿಕೆಗೆ ಮುಂಚಿನ ಕಾಲಕ್ಕೆ ಹೋಲಿಸಿದರೆ ಭೂಮಿಯ ಸರಾಸರಿ ಬಿಸಿ 1.5 ಡಿಗ್ರಿಗಿಂತ ಹೆಚ್ಚಿದ್ದ ಮೊದಲ ವರ್ಷವೂ ಅದೇ 2024.

ಇಲ್ಲಿ ಇನ್ನೊಂದು ಲೆಕ್ಕ ಇದೆ. ಮಗಳ ಪಾಠದಲ್ಲಿ ಇರಬೇಕಾಗಿದ್ದು ಇದು. 2020ರಿಂದ ಮುಂದೆ ಒಟ್ಟು 50,000 ಕೋಟಿ ಟನ್ ಕಾರ್ಬನ್ ಡೈಆಕ್ಸೈಡ್ ಬಿಟ್ಟರೆ, 1.5 ಡಿಗ್ರಿಯ ಒಳಗೆ ಉಳಿಯುವ ಸಾಧ್ಯತೆ ಅರ್ಧಕ್ಕರ್ಧ ಅಂತ ವಿಶ್ವಸಂಸ್ಥೆಯ ಹವಾಮಾನ ಸಮಿತಿ ಐಪಿಸಿಸಿ ಹೇಳಿತ್ತು. ನಾವು ವರ್ಷಕ್ಕೆ ಸುಮಾರು 4,000 ಕೋಟಿ ಟನ್ ಬಿಡುತ್ತಿದ್ದೇವೆ. ಒಂದು ಬ್ಯಾರೆಲ್ ತೈಲ ಸುಟ್ಟರೆ ಸುಮಾರು 430 ಕೆಜಿ. ‘ಖಚಿತವಾಗಿ ಇರುವ’ 1,70,000 ಕೋಟಿ ಬ್ಯಾರೆಲ್ ಪೂರ್ತಿ ಸುಟ್ಟರೆ 73,000 ಕೋಟಿ ಟನ್. ತೈಲ ಒಂದರಿಂದಲೇ ಕೋಟಾ ಮೀರಿತು. ಹೋಗಲಿ, 2 ಡಿಗ್ರಿವರೆಗೆ ಬಿಡೋಣ ಅಂದರೆ, ಅದರೊಳಗೆ ಉಳಿಯುವ ಸಾಧ್ಯತೆ ಮೂರರಲ್ಲಿ ಎರಡು ಪಾಲು ಇರಬೇಕಾದರೆ, ಕೋಟಾ 1,15,000 ಕೋಟಿ ಟನ್. ಕಲ್ಲಿದ್ದಲಿನ ನಿಕ್ಷೇಪ ಒಂದೇ ಅದರ ಎರಡು ಪಟ್ಟಿನಷ್ಟು ಹೊಗೆ ಉಗುಳುತ್ತದೆ.

ತೈಲ ಮುಗಿದುಹೋಗುತ್ತೆ ಅನ್ನೋ ಭಯ ಒಂದು ಥರದಲ್ಲಿ ಸಮಾಧಾನದ ಮಾತಾಗಿತ್ತು. ಮುಗಿದ ಮೇಲೆ ತಾನಾಗಿ ನಿಲ್ಲುತ್ತೇವೆ, ಅಲ್ಲಿವರೆಗೆ ನಡೀಲಿ ಅಂತ. ಮುಗಿಯುವವರೆಗೆ ಕಾಯೋ ಹಾಗೇ ಇಲ್ಲ ಅನ್ನೋದು ಈ ಎರಡನೇ ಲೆಕ್ಕ.

‘ಹೆಚ್ಚು ಮೈಲೇಜ್ ಕೊಡುವ ಗಾಡಿ ಬಂದರೆ ಸಾಕಲ್ವಾ?’ ಅಂತ ಬಹಳ ಜನ ಕೇಳುತ್ತಾರೆ. ಸಹಾಯ ಆಗುತ್ತೆ, ಆದರೆ ಪೂರ್ತಿ ನಂಬಬೇಡಿ. 1865ರಲ್ಲೇ ಸ್ಟ್ಯಾನ್ಲಿ ಜೆವನ್ಸ್ ಅನ್ನೋ ಇಂಗ್ಲಿಷ್ ಅರ್ಥಶಾಸ್ತ್ರಜ್ಞ ಒಂದು ವಿಚಿತ್ರ ಗಮನಿಸಿದ್ದರು. ಉಗಿ ಯಂತ್ರಗಳು ಕಡಿಮೆ ಕಲ್ಲಿದ್ದಲಿನಲ್ಲಿ ಹೆಚ್ಚು ಕೆಲಸ ಮಾಡೋಕೆ ಕಲಿತಷ್ಟೂ ಬ್ರಿಟನ್ನಿನ ಕಲ್ಲಿದ್ದಲಿನ ಖರ್ಚು ಇಳಿಯೋ ಬದಲು ಏರುತ್ತಿತ್ತು. ಖರ್ಚು ಕಡಿಮೆ ಅಂತ ಎಲ್ಲರೂ ಯಂತ್ರ ಇಟ್ಟರು. ಮೈಲೇಜ್ ಜಾಸ್ತಿ ಅಂತ ಇನ್ನೊಂದು ಸುತ್ತು ಹೋಗಿ ಬರೋದು ನಾವೂ ಮಾಡಿಲ್ಲವೇ?

ಅದೇ ಜೆವನ್ಸ್‌ಗೆ ಇನ್ನೊಂದು ಚಿಂತೆಯೂ ಇತ್ತು: ಬ್ರಿಟನ್ನಿನ ಅಗ್ಗದ ಕಲ್ಲಿದ್ದಲು ಮುಗಿದರೆ ದೇಶದ ಗತಿ ಏನು? ಅಂದರೆ ನಿಮ್ಮದೇ ಪ್ರಶ್ನೆ, 150 ವರ್ಷಕ್ಕೂ ಹಿಂದೆ. ಅದಕ್ಕೆ ಉತ್ತರ ಈಗ ಸಿಕ್ಕಿದೆ. 1882ರಲ್ಲಿ ಲಂಡನ್ನಿನ ಹೋಲ್ಬರ್ನ್ ವಯಡಕ್ಟ್‌ನಲ್ಲಿ ಕಲ್ಲಿದ್ದಲಿನಿಂದ ಸಾರ್ವಜನಿಕರಿಗೆ ಕರೆಂಟ್ ಕೊಡುವ ಸ್ಥಾವರ ಶುರುವಾಯಿತು. 1913ರಲ್ಲಿ ಬ್ರಿಟನ್ ಒಂದೇ ವರ್ಷ 29 ಕೋಟಿ ಟನ್ ಕಲ್ಲಿದ್ದಲು ತೆಗೆಯಿತು. ಅದೇ ತುದಿ, ಆಮೇಲೆ ಇಳಿತ. ಮೊದಲು ತೈಲ, ಆಮೇಲೆ ಉತ್ತರ ಸಮುದ್ರದ ಅನಿಲ, ಕೊನೆಗೆ ಗಾಳಿ ವಿದ್ಯುತ್ ಒಂದೊಂದಾಗಿ ಜಾಗ ಹಿಡಿದವು. 2024ರ ಸೆಪ್ಟೆಂಬರ್ 30ರಂದು ರ‍್ಯಾಟ್‌ಕ್ಲಿಫ್ ಅನ್ನೋ ಕಡೇ ಕಲ್ಲಿದ್ದಲು ವಿದ್ಯುತ್ ಸ್ಥಾವರವನ್ನೂ ಆರಿಸಿದರು. ನೆಲದಡಿ ಕಲ್ಲಿದ್ದಲು ಇನ್ನೂ ಇದೆ. ತೆಗೆಯುವವರು ಹೆಚ್ಚುಕಮ್ಮಿ ಇಲ್ಲ ಅಷ್ಟೇ.

ತೈಲಕ್ಕೂ ಹೀಗೇ ಆಗುವ ಲಕ್ಷಣ ಅಲ್ಲಲ್ಲಿ ಕಾಣುತ್ತಿದೆ. ಸಮುದ್ರದಿಂದ ಹೇರಳವಾಗಿ ತೈಲ ತೆಗೆಯುವ ನಾರ್ವೆಯಲ್ಲೇ 2024ರಲ್ಲಿ ಮಾರಾಟವಾದ ಹೊಸ ಕಾರುಗಳಲ್ಲಿ ಹತ್ತಕ್ಕೆ ಒಂಬತ್ತರ ಹತ್ತಿರ ಬ್ಯಾಟರಿಯವು. ಬ್ಯಾಟರಿಗೂ ಗಣಿ ಬೇಕಲ್ಲ ಅಂತ ಕೇಳಬಹುದು. ಬೇಕು, ಅಲ್ಲೂ ನೀರು ಕೆಡುತ್ತದೆ. ಆದರೆ ಬ್ಯಾಟರಿಯೊಳಗಿನ ಲಿಥಿಯಂ ಅನ್ನೋ ಲೋಹ ಪೆಟ್ರೋಲಿನ ಹಾಗೆ ಉರಿದು ಹೋಗುವುದಿಲ್ಲ, ಹಳೇ ಬ್ಯಾಟರಿಯಿಂದ ಮತ್ತೆ ತೆಗೆಯಬಹುದು. ಪೆಟ್ರೋಲನ್ನು ಸೈಲೆನ್ಸರಿನಿಂದ ವಾಪಸ್ ಹಿಡಿಯೋಕೆ ಆಗಲ್ಲ.

ಇನ್ನು ಮಗಳಿಗೆ. ಪರೀಕ್ಷೆಯಲ್ಲಿ ಕೇಳಿದರೆ 50 ಅಂತಲೇ ಬರೆಯಲಿ, ಅಂಕ ಹೋಗೋದು ಬೇಡ. ಮನೆಯಲ್ಲಿ ಮಾತ್ರ ಒಂದು ಹಾಳೆ ಕೊಟ್ಟು 1,70,000 ಭಾಗಿಸು 3,650 ಅಂತ ಮಾಡಿಸಿ. ಅದರ ಕೆಳಗೇ 50,000 ಭಾಗಿಸು 4,000 ಮಾಡಿಸಿ. ಎರಡನೆಯದಕ್ಕೆ ಹನ್ನೆರಡೂವರೆ ಬರುತ್ತದೆ. ಅದನ್ನು 2020ರಿಂದ ಎಣಿಸಬೇಕು ಅಂತ ಹೇಳೋದು ಮರೀಬೇಡಿ.