ಮೊದಲ ನೌಕರಿಗೆ ಸೇರುವ ಮುನ್ನ ಮಾಲೀಕನನ್ನು ಏನು ಕೇಳಬೇಕು

ಪುಣೆಯ ಭೋಸರಿ ಕೈಗಾರಿಕಾ ಪ್ರದೇಶದಲ್ಲಿ ನಾನು ನಡೆಸುವ ಯಂತ್ರಭಾಗಗಳ ಕಾರ್ಖಾನೆಯಲ್ಲಿ ಸುಮಾರು 40 ಜನರಿದ್ದಾರೆ. ಪರೀಕ್ಷೆಗಳು ಮುಗಿದ ಮೇಲೆ ವಿಜಯಪುರ, ಕಲಬುರಗಿ, ಬೆಳಗಾವಿ ಕಡೆಯಿಂದ ಡಿಪ್ಲೊಮಾ ಅಥವಾ ಬಿ.ಇ. ಓದಿದ ಹುಡುಗರು, ಈಚೆಗೆ ಹುಡುಗಿಯರೂ, ಯಾರೋ ಸಂಬಂಧಿಕರು ಕೊಟ್ಟ ಫೋನ್ ನಂಬರ್ ಹಿಡಿದು ಬರುತ್ತಾರೆ. "ಸರ್, ದೊಡ್ಡ ಕಂಪನಿಯಲ್ಲಿ ಸಿಗುವವರೆಗೆ ಇಲ್ಲಿರುತ್ತೇನೆ" ಎಂದು ನೇರವಾಗಿಯೇ ಹೇಳುವವರೂ ಇದ್ದಾರೆ. ನನಗೆ ಅದರಿಂದ ಬೇಸರವಿಲ್ಲ. ಇಲ್ಲಿರುವಷ್ಟು ದಿನ ಏನು ಕಲಿಯುತ್ತೀರಿ ಎಂಬುದನ್ನು ಅವರು ಯೋಚಿಸಿರುವುದಿಲ್ಲ ಎಂಬುದೇ ಬೇಸರ.

ಸಂದರ್ಶನದಲ್ಲಿ ನಾನು ಒಂದು ಡ್ರಾಯಿಂಗ್ ಮುಂದಿಡುತ್ತೇನೆ. ಅದರಲ್ಲಿ 25 ಮಿ.ಮೀ. ವ್ಯಾಸದ ರಂಧ್ರದ ಪಕ್ಕ ಎಚ್7 ಎಂದಿರುತ್ತದೆ. ಎಂದರೆ ಆ ರಂಧ್ರ 25.000ರಿಂದ 25.021 ಮಿ.ಮೀ. ಒಳಗಿರಬೇಕು. ಇದನ್ನು ಯಾವುದರಿಂದ ಅಳೆಯುತ್ತೀರಿ ಎಂದರೆ ಹೆಚ್ಚಿನವರ ಉತ್ತರ ವರ್ನಿಯರ್. ಸಾಮಾನ್ಯ ವರ್ನಿಯರಿನ ಕನಿಷ್ಠ ಅಳತೆಯೇ 0.02 ಮಿ.ಮೀ. ಆಗಿರುವಾಗ 21 ಮೈಕ್ರಾನ್ ಅಂತರದೊಳಗಿನ ಸರಿ-ತಪ್ಪನ್ನು ಅದು ಹೇಳಲಾರದು. ಒಮ್ಮೆ ಡಿಪ್ಲೊಮಾ ಓದಿದ ಹುಡುಗಿಯೊಬ್ಬಳು ಉತ್ತರಿಸುವ ಮೊದಲು "ಎಷ್ಟು ಪೀಸ್ ಇವೆ ಸರ್?" ಎಂದು ಮರುಪ್ರಶ್ನೆ ಹಾಕಿದಳು: ಐದಾದರೆ ರಂಧ್ರದ ವ್ಯಾಸವನ್ನು ಅಳೆದು ಹೇಳುವ ಬೋರ್ ಗೇಜ್, ಐದು ಸಾವಿರವಾದರೆ ರಂಧ್ರಕ್ಕೆ ತೂರಿಸಿ ಸರಿಯೋ ತಪ್ಪೋ ಎಂದಷ್ಟೇ ಬೇಗ ನೋಡುವ ಪ್ಲಗ್ ಗೇಜ್. ಅವಳ ಅಂಕಪಟ್ಟಿಯನ್ನು ನಾನು ನೋಡಿದ್ದು ಕೆಲಸಕ್ಕೆ ಸೇರಿದ ದಿನ.

ಚಿಕ್ಕ ಕಂಪನಿಯಲ್ಲಿ ಡ್ರಾಯಿಂಗ್ ಓದುವುದು, ಸಿಎನ್‌ಸಿ (ಕಂಪ್ಯೂಟರ್ ನಿಯಂತ್ರಿತ) ಯಂತ್ರವನ್ನು ಹೊಸ ಕೆಲಸಕ್ಕೆ ಸಜ್ಜುಗೊಳಿಸುವ ಸೆಟ್ಟಿಂಗ್, ಮೊದಲ ಪೀಸಿನ ತಪಾಸಣೆ, ಗ್ರಾಹಕರು ತಿರಸ್ಕರಿಸಿದ ಮಾಲಿಗೆ ಕಾರಣ ಹುಡುಕುವುದು ಇವೆಲ್ಲ ಒಬ್ಬನ ಕೈಗೇ ಒಂದೆರಡು ವರ್ಷದಲ್ಲಿ ಬರಬಹುದು. ಬರಬಹುದು ಎಂದೆ, ಬಂದೇ ಬರುತ್ತದೆ ಎನ್ನಲಿಲ್ಲ. ಮೂರು ವರ್ಷ ಒಂದೇ ಯಂತ್ರದ ಮುಂದೆ ನಿಲ್ಲಿಸಿ ಹಸಿರು ಗುಂಡಿ ಒತ್ತಿಸುವ ಮಾಲೀಕರೂ ನಮ್ಮಲ್ಲಿದ್ದಾರೆ. ಆದ್ದರಿಂದ ಮೊದಲ ಆರು ತಿಂಗಳು ಯಾರ ಕೈಕೆಳಗೆ ಕೆಲಸ, ಸೆಟ್ಟಿಂಗ್ ಯಾವಾಗ ಕಲಿಸುತ್ತೀರಿ ಎಂದು ಕೇಳಿ. ಯಂತ್ರಗಳು ನಡೆಯುವ ಶಾಪ್ ತೋರಿಸಿ ಎನ್ನಿ. ಹಿಂದಿನ ವರ್ಷ ಸೇರಿದವನು ಈಗ ಏನು ಮಾಡುತ್ತಿದ್ದಾನೆ ಎಂದು ಅಲ್ಲೇ ಅವನನ್ನು ಮಾತಾಡಿಸಿದರೆ ನನ್ನ ಮಾತಿಗಿಂತ ಹೆಚ್ಚು ತಿಳಿಯುತ್ತದೆ.

ಇನ್ನು ಸಂಬಳ. ವರ್ಷಕ್ಕೆ 3 ಲಕ್ಷ ಸಿಟಿಸಿ (ನಿಮಗಾಗಿ ಕಂಪನಿ ಮಾಡುವ ಒಟ್ಟು ಖರ್ಚು) ಎಂದರೆ ತಿಂಗಳಿಗೆ 25,000 ಕೈಗೆ ಬರುತ್ತದೆ ಎಂದು ಮನೆಯವರಿಗೆ ಹೇಳಿಬಿಡಬೇಡಿ. ಮೂಲ ವೇತನ 12,500 ಇದ್ದರೆ ಅದರ ಶೇ 12, ಅಂದರೆ 1,500 ರೂಪಾಯಿ, ಕಂಪನಿ ತುಂಬುವ ಭವಿಷ್ಯ ನಿಧಿ. ಗ್ರಾಚ್ಯುಟಿಗೆಂದು ತೆಗೆದಿಡುವ ಸುಮಾರು 600 ರೂಪಾಯಿಯನ್ನೂ ಸಾಮಾನ್ಯವಾಗಿ ಆ 25,000ದಲ್ಲೇ ಲೆಕ್ಕ ಹಿಡಿದಿರುತ್ತಾರೆ. ಉಳಿದದ್ದರಲ್ಲಿ ನಿಮ್ಮ ಪಾಲಿನ 1,500 ಮತ್ತು ಮಹಾರಾಷ್ಟ್ರದ ವೃತ್ತಿ ತೆರಿಗೆ 200 (ಇಷ್ಟು ಸಂಬಳದ ಹೆಣ್ಣುಮಕ್ಕಳಿಗೆ ಈ ತೆರಿಗೆಯಿಲ್ಲ) ಕಳೆದರೆ ಕೈಗೆ ಸಿಗುವುದು ಸುಮಾರು 21,000. ಭವಿಷ್ಯ ನಿಧಿಯ ಹಣ ನಿಮ್ಮದೇ, ಆದರೆ ತುಂಬಿದರೆ ಮಾತ್ರ. ಪ್ರತಿ ತಿಂಗಳ ಮೊತ್ತವನ್ನು ಮುಂದಿನ ತಿಂಗಳ 15ರೊಳಗೆ ಕಂಪನಿ ಜಮಾ ಮಾಡಬೇಕು. ನಿಮ್ಮ ಭವಿಷ್ಯ ನಿಧಿ ಖಾತೆಯ ಯುಎಎನ್ ಸಂಖ್ಯೆ ಪಡೆದು ಪಾಸ್‌ಬುಕ್ ನೋಡುವ ಅಭ್ಯಾಸವನ್ನು ಮೊದಲ ತಿಂಗಳಿನಿಂದಲೇ ಇಟ್ಟುಕೊಳ್ಳಿ.

ಸಂಬಳ ಯಾವ ತಾರೀಖಿಗೆ ಆಗುತ್ತದೆ ಎಂದು ಕೇಳಲು ಸಂಕೋಚ ಬೇಡ. ಸಣ್ಣ ಉದ್ದಿಮೆಗಳ ಬಿಲ್ಲನ್ನು ಹೆಚ್ಚೆಂದರೆ 45 ದಿನಗಳೊಳಗೆ ಪಾವತಿಸಬೇಕೆಂದು 2006ರ ಕಾಯ್ದೆ ಹೇಳುತ್ತದಾದರೂ ನಮ್ಮ ಗ್ರಾಹಕರೆಲ್ಲ ಹಾಗೆ ನಡೆದುಕೊಳ್ಳುವುದಿಲ್ಲ. ಒಬ್ಬ ದೊಡ್ಡ ಗ್ರಾಹಕ ಹಣ ತಡೆಹಿಡಿದಾಗ ನಾನೂ ಒಂದು ಸಲ ಒಂಬತ್ತು ದಿನ ತಡವಾಗಿ ಸಂಬಳ ಕೊಟ್ಟಿದ್ದೇನೆ, ಕಾರಣವನ್ನು ಎಲ್ಲರ ಮುಂದೆ ಹೇಳಿಯೇ ಕೊಟ್ಟಿದ್ದೇನೆ. ಈ ಪ್ರಶ್ನೆಗೆ ಸಿಟ್ಟಾಗುವ ಮಾಲೀಕನ ಬಳಿ ಸೇರಬೇಡಿ.

ಮರಾಠಿಯನ್ನು ಮಾತ್ರ ಬೇಗ ಕಲಿಯಿರಿ. ಊರಿನವರೊಂದಿಗೇ ಕೋಣೆ, ಊಟ, ಮಾತು ಎಂದು ಕನ್ನಡದ ಗುಂಪಿನೊಳಗೇ ಉಳಿದವರು ಹಿಂದೆ ಬಿದ್ದುದನ್ನು ಕಂಡಿದ್ದೇನೆ. ಟೂಲ್ ಸವೆದಿದೆಯೆಂದು ಯಂತ್ರದ ಸದ್ದಿನಿಂದಲೇ ಗುರುತಿಸುವ ನಮ್ಮ ಹಿರಿಯ ಆಪರೇಟರ್ ಅದನ್ನು ವಿವರಿಸುವುದು ಮರಾಠಿಯಲ್ಲಿ, ಅದೂ ಚಹಾದ ಹೊತ್ತಿನಲ್ಲಿ.