ಫ್ರಾಂಜ್ ಕ್ಲೈನ್ ಚಿತ್ರ ಹತ್ತು ನಿಮಿಷದ ಕೆಲಸವೇ?

ಪ್ರಶ್ನೆ: ಅಮೆರಿಕದ ಫ್ರಾಂಜ್ ಕ್ಲೈನ್ ಅವರ ಚಿತ್ರಗಳ ಫೋಟೊ ನೋಡಿದೆ. ಬಿಳಿ ಕ್ಯಾನ್‌ವಾಸ್ ಮೇಲೆ ದಪ್ಪ ಬ್ರಷ್‌ನಿಂದ ನಾಲ್ಕು ಕಪ್ಪು ಪಟ್ಟೆ ಎಳೆದ ಹಾಗಿದೆ, ಅಷ್ಟೇ. ಹತ್ತು ನಿಮಿಷದಲ್ಲಿ ಮುಗಿಸಿರಬೇಕು ಅಲ್ವಾ? ಇದಕ್ಕೆ ಇಷ್ಟೊಂದು ಹೆಸರು ಯಾಕೆ?

ಉತ್ತರ: ಹಾಗೆ ಅನ್ನಿಸಿದರೆ ನಿಮ್ಮ ತಪ್ಪೇನೂ ಇಲ್ಲ. ನೋಡಿದವರಿಗೆ ಹಾಗೆ ಅನ್ನಿಸಬೇಕು ಅಂತಲೇ ಕ್ಲೈನ್ ಅಷ್ಟು ಕಷ್ಟಪಟ್ಟಿದ್ದು. ಆ ಫೋಟೊವನ್ನು ಇನ್ನೊಮ್ಮೆ ತೆರೆದು, ದೊಡ್ಡದು ಮಾಡಿ, ಕಪ್ಪು-ಬಿಳಿ ಸೇರುವ ಅಂಚನ್ನಷ್ಟೇ ನೋಡಿ. ಎಷ್ಟೋ ಕಡೆ ಬಿಳಿ ಬಣ್ಣ ಕಪ್ಪಿನ ಮೇಲೆ ಹತ್ತಿ ಕೂತಿರುತ್ತದೆ. ಅಂದರೆ ಆ ಬಿಳಿ ಸುಮ್ನೆ ಬಿಟ್ಟ ಜಾಗ ಅಲ್ಲ, ಬಳಿದ ಬಣ್ಣ. ಕಪ್ಪು ಬಳಿದು, ಬಿಳಿಯಿಂದ ಅದನ್ನು ಕೊರೆದು, ಬೇಕೆನಿಸಿದರೆ ಮತ್ತೆ ಕಪ್ಪು ತಂದು ಗೆರೆಯನ್ನು ಹದಕ್ಕೆ ತರುತ್ತಿದ್ದರು. ಕಪ್ಪಿನ ಹಾಗೆ ಬಿಳಿಯನ್ನೂ ನಾನು ಬಳಿಯುತ್ತೇನೆ, ಅದೂ ಅಷ್ಟೇ ಮುಖ್ಯ ಎಂದು ಅವರೇ ಹೇಳಿದ್ದಾರೆ.

ಇನ್ನೊಂದು ಗುಟ್ಟು ಟೆಲಿಫೋನ್ ಡೈರೆಕ್ಟರಿಯದು. ಹಳೇ ಡೈರೆಕ್ಟರಿಯ ಹಾಳೆಗಳ ಮೇಲೆ ಕ್ಲೈನ್ ಬ್ರಷ್ ಹಿಡಿದು ಸಣ್ಣ ಸಣ್ಣ ಚಿತ್ರ ಮಾಡುತ್ತಿದ್ದರು. ಕಾಗದ ಪುಕ್ಕಟೆ, ಹಾಳಾದರೆ ಬೇಜಾರಿಲ್ಲ. ಅಂಥ ರಾಶಿಯಲ್ಲಿ ಚೆನ್ನಾಗಿ ಬಂದ ಒಂದನ್ನು ಆರಿಸಿ, ಅದನ್ನು ನೋಡಿಕೊಂಡೇ ಆಳೆತ್ತರದ ಕ್ಯಾನ್‌ವಾಸ್ ಶುರು ಮಾಡುತ್ತಿದ್ದರು. ಆವೇಶದಲ್ಲಿ ಬೀಸಿದ ಹಾಗೆ ಕಾಣುವ ಗೆರೆ ಎಲ್ಲಿಂದ ಹೊರಟು ಎಲ್ಲಿಗೆ ಹೋಗಬೇಕು ಅನ್ನುವುದು ಎಷ್ಟೋ ಸಲ ಅಂಗೈಯಗಲದ ಕಾಗದದಲ್ಲಿ ಮೊದಲೇ ತೀರ್ಮಾನವಾಗಿರುತ್ತಿತ್ತು.

ಇದಕ್ಕೊಂದು ಕಥೆಯೂ ಇದೆ, ಹೇಳಿದವರು ಚಿತ್ರಕಲಾವಿದೆ ಇಲೇನ್ ಡಿ ಕೂನಿಂಗ್. 1940ರ ದಶಕದ ಕೊನೆ. ಗೆಳೆಯ ವಿಲೆಮ್ ಡಿ ಕೂನಿಂಗ್ ಅವರ ಸ್ಟುಡಿಯೋದಲ್ಲಿ ಒಂದು ಪ್ರೊಜೆಕ್ಟರ್ ಇತ್ತು. ತೂಗುವ ಕುರ್ಚಿಯೊಂದರ ಪುಟ್ಟ ಚಿತ್ರವನ್ನು ಕ್ಲೈನ್ ಅದರೊಳಗೆ ಇಟ್ಟರು. ಗೋಡೆ ಮೇಲೆ ಕುರ್ಚಿ ಮಾಯ, ಬರೀ ಭಾರೀ ಕಪ್ಪು ಪಟ್ಟೆಗಳು! ಆವತ್ತಿನಿಂದ ದಾರಿ ಬದಲಾಯಿತು ಅನ್ನುತ್ತದೆ ಕಥೆ. ಕೇಳಲು ಸೊಗಸಾಗಿದೆ. ಆದರೆ ಒಂದೇ ರಾತ್ರಿಯಲ್ಲಿ ಆದದ್ದು ಅನ್ನುವುದನ್ನು ನಾನು ಪೂರ್ತಿ ನಂಬುವುದಿಲ್ಲ. ಅದಕ್ಕೂ ಮುಂಚೆಯೇ ಅವರ ಚಿತ್ರಗಳಲ್ಲಿ ಆಕಾರಗಳು ಒಡೆಯತೊಡಗಿದ್ದವು.

ಅಲ್ಲಿಯವರೆಗಿನ ಬದುಕು ಸಲೀಸಾಗಿರಲಿಲ್ಲ. 1910ರಲ್ಲಿ ಪೆನ್ಸಿಲ್ವೇನಿಯಾದ ಕಲ್ಲಿದ್ದಲು ಸೀಮೆಯ ವಿಲ್ಕ್ಸ್-ಬ್ಯಾರಿಯಲ್ಲಿ ಹುಟ್ಟು. ಏಳು ವರ್ಷದ ಹುಡುಗನಾಗಿದ್ದಾಗ ಅಪ್ಪ ಆತ್ಮಹತ್ಯೆ ಮಾಡಿಕೊಂಡರು. ತಂದೆಯಿಲ್ಲದ ಗಂಡುಮಕ್ಕಳಿಗೆಂದೇ ಇದ್ದ ಫಿಲಡೆಲ್ಫಿಯಾದ ಶಾಲೆಯೊಂದಕ್ಕೆ ಸೇರಿಸಿದರು. ಆಮೇಲೆ ಬಾಸ್ಟನ್‌ನಲ್ಲಿ ಓದು, ಅಲ್ಲಿಂದ ಲಂಡನ್‌ನಲ್ಲಿ ಕಲಾಶಾಲೆ. ಅಲ್ಲೇ ಎಲಿಜಬೆತ್ ಎಂಬ ಬ್ಯಾಲೆ ನರ್ತಕಿಯ ಪರಿಚಯವಾಗಿ, ಮುಂದೆ ಮದುವೆಯೂ ಆಯಿತು. ನ್ಯೂಯಾರ್ಕ್‌ನಲ್ಲಿ ಸಂಸಾರ ಹೂಡಿದ ಮೇಲೆ ದುಡ್ಡಿನ ಮುಗ್ಗಟ್ಟು ಬಿಡಲೇ ಇಲ್ಲ. 1940ರಲ್ಲಿ ಬ್ಲೀಕರ್ ಸ್ಟ್ರೀಟ್‌ನ ಒಂದು ಬಾರಿಗೆ ಗೋಡೆಚಿತ್ರ ಬರೆದುಕೊಟ್ಟರು. ಹೆಂಡತಿ ಮಾನಸಿಕ ಕಾಯಿಲೆಯಿಂದ ಆಸ್ಪತ್ರೆ ಸೇರಿದರು.

ಮನೆಗೆ ಬಳಿಯುವ ಡಬ್ಬಿ ಪೇಂಟು, ಗೋಡೆ ಬಳಿಯುವವರ ಅಗಲ ಬ್ರಷ್ಷು ಅವರ ಕೈಗೆ ಬಂದದ್ದಕ್ಕೆ ಈ ಬಡತನವೂ ಒಂದು ಕಾರಣ. ಆದರೆ ಅದಷ್ಟೇ ಅಲ್ಲ. ಆ ತೆಳು ಪೇಂಟು ಓಡುವ ರೀತಿ, ಆ ಬ್ರಷ್ಷು ಕೊನೆಯಲ್ಲಿ ಬಿಡುವ ಸೀಳು ಗುರುತು ಅವರಿಗೆ ಬೇಕಾಗಿತ್ತು. ಕೈಯಲ್ಲಿ ನಾಲ್ಕು ಕಾಸು ಓಡಾಡಿದ ಮೇಲೂ ಅವರು ಅದನ್ನು ಪೂರ್ತಿ ಬಿಡಲಿಲ್ಲ.

1950ರಲ್ಲಿ ಈಗನ್ ಗ್ಯಾಲರಿಯಲ್ಲಿ ಮೊದಲ ಏಕವ್ಯಕ್ತಿ ಪ್ರದರ್ಶನ ನಡೆಯಿತು. ಆಗ ಅವರಿಗೆ 40 ವರ್ಷ. ಹೆಸರು ಬಂದದ್ದು ಅಲ್ಲಿಂದಲೇ. ಮಾರನೇ ವರ್ಷ ಜಪಾನಿನ ಕ್ಯಾಲಿಗ್ರಫಿ (ಬ್ರಷ್‌ನಿಂದ ಅಕ್ಷರ ಬರೆಯುವ ಕಲೆ) ಪತ್ರಿಕೆ 'ಬೊಕುಬಿ'ಯ ಮೊದಲ ಸಂಚಿಕೆಯಲ್ಲೇ ಅವರ ಚಿತ್ರ ಅಚ್ಚಾಯಿತು. ಇವು ಜಪಾನಿ ಅಕ್ಷರಗಳ ನಕಲಾ ಎಂದು ಜನ ಕೇಳತೊಡಗಿದಾಗ ಕ್ಲೈನ್ ಅಲ್ಲಗಳೆದರು. ನನಗೂ ಅವರ ಮಾತೇ ಸರಿ ಅನ್ನಿಸುತ್ತದೆ. ಕ್ಯಾಲಿಗ್ರಫಿಯಲ್ಲಿ ಶಾಯಿ ಕಾಗದದಲ್ಲಿ ಒಮ್ಮೆ ಇಂಗಿತು ಅಂದರೆ ಮುಗೀತು, ಅದನ್ನು ತಿದ್ದುವ ಹಾಗಿಲ್ಲ. ಕ್ಲೈನ್ ಮಾಡಿದ್ದೇ ತಿದ್ದುವ ಕೆಲಸ.

'ಚೀಫ್' ಅನ್ನುವ ಚಿತ್ರಕ್ಕೆ ಅವರು ಚಿಕ್ಕಂದಿನಲ್ಲಿ ನೋಡಿದ್ದ ರೈಲು ಎಂಜಿನ್ನಿನ ಹೆಸರಿದೆ. ಇನ್ನೊಂದು ಚಿತ್ರ 'ಮಹೋನಿಂಗ್', ಅದು ಪೆನ್ಸಿಲ್ವೇನಿಯಾದ ಕಡೆಯ ಹೆಸರು. ಹಾಗಂತ ಅವುಗಳಲ್ಲಿ ರೈಲು, ಸೇತುವೆ ಹುಡುಕಲು ಹೋಗಬೇಡಿ. ಸಾಮಾನ್ಯವಾಗಿ ಅವರು ಚಿತ್ರ ಮುಗಿದ ಮೇಲೆ ಹೆಸರಿಡುತ್ತಿದ್ದರು.

1962ರ ಮೇ ತಿಂಗಳಲ್ಲಿ ಹೃದಯದ ಕಾಯಿಲೆಯಿಂದ ತೀರಿಕೊಂಡಾಗ ಅವರಿಗೆ ಇನ್ನೂ 51. ಸರಿಯಾಗಿ 50 ವರ್ಷದ ನಂತರ, 2012ರಲ್ಲಿ, ಅವರ 1957ರ ಒಂದು ಚಿತ್ರ ಹರಾಜಿನಲ್ಲಿ 4 ಕೋಟಿ ಡಾಲರಿಗೂ ಜಾಸ್ತಿ ಬೆಲೆಗೆ ಹೋಯಿತು. ಇತ್ತ ಮ್ಯೂಸಿಯಂನವರಿಗೆ ಬೇರೆಯದೇ ತಲೆನೋವು. ಕೆಲವು ಚಿತ್ರಗಳಲ್ಲಿ ಬಣ್ಣ ಬಿರುಕು ಬಿಟ್ಟಿದೆ, ಹಳದಿಗೆ ತಿರುಗಿದೆ. ಯಾವ ಬಣ್ಣ ಅಂತೀರಾ? ನಾವೆಲ್ಲ ಖಾಲಿ ಜಾಗ ಅಂದುಕೊಂಡಿದ್ದ ಆ ಬಿಳಿಯೇ.