ವಾರವಾರವೂ ಕ್ಯಾಮೆರಾ ಹಿಡಿದರೂ ಫೋಟೋ ಯಾಕೆ ಸುಧಾರಿಸುತ್ತಿಲ್ಲ?

ಪ್ರಶ್ನೆ: ಕೆಲಸದ ದಿನಗಳಲ್ಲಿ ಪುರುಸೊತ್ತಿರುವುದಿಲ್ಲ. ಹಾಗಾಗಿ ಪ್ರತಿ ಭಾನುವಾರ ಕ್ಯಾಮೆರಾ ಹಿಡಿದು ಹೊರಡುತ್ತೇನೆ, ಇನ್ನೂರು ಮುನ್ನೂರು ಫೋಟೋ ತೆಗೆಯುತ್ತೇನೆ. ವರ್ಷವಾಗುತ್ತಾ ಬಂತು. ಹಳೆಯ ಫೋಟೋಗಳಿಗೂ ಈಗಿನವಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸವೇ ಇಲ್ಲ. ವಾರಕ್ಕೊಂದು ದಿನದ ಅಭ್ಯಾಸ ಸಾಲದೇ? ಅಥವಾ ಕ್ಯಾಮೆರಾ ಬದಲಿಸಬೇಕೇ?

ಉತ್ತರ: ವಾರಕ್ಕೊಂದು ದಿನ ಧಾರಾಳ ಸಾಕು. ಕ್ಯಾಮೆರಾದ ಮಾತು ಕೊನೆಗಿರಲಿ. ಮೊದಲು ಬದಲಾಗಬೇಕಾದದ್ದು ಆ ಮುನ್ನೂರರ ಲೆಕ್ಕ. ಮುನ್ನೂರು ಫೋಟೋಗಳನ್ನು ಕೂತು ನೋಡುವ ತಾಳ್ಮೆ ಯಾರಿಗೂ ಇರುವುದಿಲ್ಲ. ಬೆರಳಲ್ಲಿ ಸರಸರ ಸರಿಸುತ್ತಾ ಹೋಗಿ, ಕಣ್ಣಿಗೆ ಚೆಂದ ಕಂಡ ನಾಲ್ಕನ್ನು ಎತ್ತಿಟ್ಟುಕೊಂಡು ಉಳಿದದ್ದನ್ನು ಮರೆಯುತ್ತೇವೆ. ಕಲಿಯುವುದಕ್ಕೆ ಸಿಗುವುದೆಲ್ಲ ಆ ಉಳಿದ ಇನ್ನೂರ ತೊಂಬತ್ತಾರರಲ್ಲೇ ಇರುತ್ತದೆ.

ಅಭ್ಯಾಸದ ಹೊತ್ತನ್ನು ಎರಡು ಪಾಲು ಮಾಡಿ: ಒಂದು ಗಂಟೆ ತೆಗೆಯುವುದಕ್ಕೆ, ಒಂದು ಗಂಟೆ ನೋಡುವುದಕ್ಕೆ. ಫೋಟೋಗಳಿಗೆ 36ರ ಮಿತಿ ಇರಲಿ. ಫಿಲ್ಮ್ ಕಾಲದಲ್ಲಿ 35 ಎಂಎಂ ರೋಲಿನಲ್ಲಿ ಸಾಮಾನ್ಯವಾಗಿ ಇರುತ್ತಿದ್ದದ್ದು ಇಷ್ಟೇ. ಆ ಸಂಖ್ಯೆಯಲ್ಲಿ ಮಂತ್ರವೇನಿಲ್ಲ. ಒಂದು ಗಂಟೆಯಲ್ಲಿ ಒಂದೊಂದನ್ನೂ ದೊಡ್ಡದು ಮಾಡಿ ನೋಡಿ ಮುಗಿಸಲು ಆಗುವುದು ಹೆಚ್ಚುಕಡಿಮೆ ಅಷ್ಟೇ. ತೆಗೆಯುವಾಗ ನಡುನಡುವೆ ಅಳಿಸಬೇಡಿ, ಕೆಟ್ಟುಹೋದದ್ದು ಮನೆಯವರೆಗೆ ಬರಬೇಕು. ಮತ್ತೆ, ಒಂದು ವಾರಕ್ಕೆ ಒಂದೇ ವಿಷಯ. ಶಟರ್ (ಬೆಳಕು ಒಳಬರುವ ಹೊತ್ತು), ಅಪರ್ಚರ್ (ಲೆನ್ಸಿನ ಕಿಂಡಿಯ ಅಗಲ), ಬೆಳಕು ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತೆಂದು ಗೊತ್ತಾಗುವುದಿಲ್ಲ.

ಮೊದಲ ವಾರಕ್ಕೆ ಬ್ಲರ್ ತೆಗೆದುಕೊಳ್ಳಿ. ಹವ್ಯಾಸಿಗಳ ಫೋಟೋ ಹೆಚ್ಚಾಗಿ ಹಾಳಾಗುವುದು ಇದರಿಂದಲೇ. "ಶೇಕ್ ಆಗಿದೆ" ಎಂದು ಒಂದೇ ಮಾತಿನಲ್ಲಿ ಹೇಳಿಬಿಡುತ್ತೇವೆ, ಆದರೆ ಬ್ಲರ್‌ನಲ್ಲಿ ಮೂರು ಬಗೆ ಇದೆ, ಮೂರಕ್ಕೂ ಮದ್ದು ಒಂದೇ ಅಲ್ಲ. ಫೋಟೋವನ್ನು 100 ಪ್ರತಿಶತಕ್ಕೆ ಹಿಗ್ಗಿಸಿ ನೋಡಿ. ಚಿತ್ರದಲ್ಲಿರುವುದೆಲ್ಲವೂ ಒಂದೇ ದಿಕ್ಕಿಗೆ ಎಳೆದಂತಿದ್ದರೆ, ಹೊಳೆಯುವ ಚುಕ್ಕೆಗಳು ಪುಟ್ಟ ಗೆರೆಗಳಾಗಿದ್ದರೆ, ಅಲುಗಿದ್ದು ನಿಮ್ಮ ಕೈ. ಗೋಡೆ, ಕುರ್ಚಿ ಸ್ಪಷ್ಟವಾಗಿದ್ದು ವ್ಯಕ್ತಿಯ ಕೈಯೋ ತಲೆಯೋ ಮಾತ್ರ ಉಜ್ಜಿದಂತಿದ್ದರೆ ಅಲುಗಿದ್ದು ಅವರು. ಮುಖ ಮೆತ್ತಗೆ ಮಸುಕಾಗಿದ್ದು ಹಿಂದಿನ ಪರದೆಯ ನೂಲು ಎಣಿಸುವಷ್ಟು ಶಾರ್ಪ್ ಇದ್ದರೆ ಫೋಕಸ್ ತಪ್ಪಿದೆ. ಮೊದಲ ಎರಡಕ್ಕೆ ಶಟರ್ ವೇಗ ಏರಿಸಬೇಕು, ಮೂರನೆಯದಕ್ಕೆ ಎಷ್ಟು ಏರಿಸಿದರೂ ಉಪಯೋಗವಿಲ್ಲ. ಫೋಕಸ್ ತಪ್ಪಿದ ಫೋಟೋ ನೋಡಿ ಟ್ರೈಪಾಡ್ ಕೊಳ್ಳುವವರಿಗೆ ಕಡಿಮೆಯಿಲ್ಲ.

ಈಗ ನಿಮ್ಮ ಕೈಯ ಮಿತಿ ಅಳೆಯಿರಿ. ಪುಸ್ತಕದ ಕಪಾಟಿನ ಮುಂದೆ ನಿಂತು, ಪುಸ್ತಕಗಳ ಬೆನ್ನ ಮೇಲಿನ ಅಕ್ಷರಗಳಿಗೆ ಫೋಕಸ್ ಮಾಡಿ. ಡಯಲ್ ಅನ್ನು ವೇಗವನ್ನು ನೀವೇ ಆರಿಸುವ ಶಟರ್ ಪ್ರಯಾರಿಟಿಗೆ (ಕೆಲವು ಕ್ಯಾಮೆರಾಗಳಲ್ಲಿ S, ಕೆಲವದರಲ್ಲಿ Tv) ತಿರುಗಿಸಿ, ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) ಆಟೋದಲ್ಲಿರಲಿ. ಲೆನ್ಸಿನಲ್ಲೋ ಕ್ಯಾಮೆರಾದಲ್ಲೋ ಸ್ಟೆಬಿಲೈಸೇಶನ್ (ಕೈಯ ನಡುಕವನ್ನು ತಗ್ಗಿಸುವ ವ್ಯವಸ್ಥೆ) ಇದ್ದರೆ ಆಫ್ ಮಾಡಿ. 1/250, 1/125, 1/60, 1/30, 1/15 ಸೆಕೆಂಡು, ಹೀಗೆ ಐದು ವೇಗದಲ್ಲಿ ತಲಾ ಆರು ಫೋಟೋ. ಆರು ಏಕೆಂದರೆ, 1/15ರಲ್ಲೂ ಅದೃಷ್ಟಕ್ಕೆ ಒಂದು ಶಾರ್ಪ್ ಬಂದುಬಿಡುತ್ತದೆ, ಅದನ್ನು ನಂಬಿದರೆ ಕೆಟ್ಟಿರಿ. ಆರರಲ್ಲಿ ಐದು ಶಾರ್ಪ್ ಬಂದ ಅತಿ ನಿಧಾನ ವೇಗವೇ ನಿಮ್ಮ ಕೈಯ ಮಿತಿ. ಲೆನ್ಸಿನ ಫೋಕಲ್ ಲೆಂತ್ (ಲೆನ್ಸಿನ ಮೇಲೆ ಎಂಎಂನಲ್ಲಿ ಬರೆದಿರುವ ಸಂಖ್ಯೆ) ಎಷ್ಟೋ ಅಷ್ಟರಲ್ಲಿ ಒಂದು ಪಾಲು ಸೆಕೆಂಡು ಇರಬೇಕೆಂಬ ಹಳೆಯ ಲೆಕ್ಕ ಒಂದು ಅಂದಾಜು ಮಾತ್ರ. ಎಪಿಎಸ್‌-ಸಿ ಸೆನ್ಸರ್ (35 ಎಂಎಂ ಫಿಲ್ಮಿಗಿಂತ ಚಿಕ್ಕದು) ಆದರೆ ಒಂದೂವರೆಯಿಂದ ಗುಣಿಸಬೇಕು: 50 ಎಂಎಂ ಲೆನ್ಸಿಗೆ 1/75, ಅಂದರೆ ಡಯಲ್‌ನಲ್ಲಿ 1/80. ಉಳಿದ ಆರು ಫ್ರೇಮುಗಳನ್ನು ಸ್ಟೆಬಿಲೈಸೇಶನ್ ಆನ್ ಮಾಡಿ 1/15ರಲ್ಲಿ ತೆಗೆಯಿರಿ. ಅದು ನಿಮಗೆ ಎಷ್ಟು ಕೊಡುತ್ತದೆ ಎಂಬುದು ಕಣ್ಣಿಗೇ ಕಾಣುತ್ತದೆ. ಅದು ಹಿಡಿದಿಡುವುದು ನಿಮ್ಮ ಕೈಯ ನಡುಕವನ್ನು ಮಾತ್ರ. ಕೂತು ಮಾತಾಡುವವರಿಗೆ 1/125, ನಡೆಯುವವರಿಗೆ 1/250, ಓಡುವ ಮಕ್ಕಳಿಗೆ 1/500 ಅಥವಾ ಅದಕ್ಕೂ ಹೆಚ್ಚಿನ ವೇಗ ಹೇಗಿದ್ದರೂ ಬೇಕು.

ಮಿತಿ ತೀರಾ ಕಳಪೆ ಬಂದರೆ ಬೆರಳನ್ನು ಗಮನಿಸಿ. ಬಟನ್ ಅನ್ನು ಚುಚ್ಚಿದಂತೆ ಒತ್ತಿದರೆ ಕ್ಯಾಮೆರಾದ ಬಲಗಡೆ ಕುಸಿಯುತ್ತದೆ. ಎಡಗೈ ಲೆನ್ಸಿನ ಅಡಿಯಲ್ಲಿ, ಮೊಣಕೈಗಳು ಪಕ್ಕೆಗೆ ಒತ್ತಿಕೊಂಡಿರಬೇಕು. ಅರ್ಧ ಒತ್ತಿ ಫೋಕಸ್ ಹಿಡಿಯಿರಿ, ಉಸಿರು ಬಿಡಿ, ಆಮೇಲೆ ಬೆರಳನ್ನು ಅದುಮಿ. ಬರ್ಸ್ಟ್‌ನಲ್ಲಿ ಸತತವಾಗಿ ಮೂರು ತೆಗೆದರೆ ಎರಡನೆಯದು ಹೆಚ್ಚಾಗಿ ಚೆನ್ನಾಗಿ ಬರುತ್ತದೆ, ಬೆರಳು ಒತ್ತಿದ ಕುಲುಕಾಟ ಅಷ್ಟರಲ್ಲಿ ನಿಂತಿರುತ್ತದೆ. ಐಎಸ್‌ಒ ಏರಿದರೆ ಫೋಟೋ ಕಾಳುಕಾಳಾಗುತ್ತದೆಂದು ಹೆದರಿ, ಮನೆಯೊಳಗೂ 100ರಲ್ಲೇ ಇಟ್ಟು 1/10ರಲ್ಲಿ ತೆಗೆಯುವುದು ದಡ್ಡ ಉಳಿತಾಯ. ಕಾಳು ಸಹಿಸಬಹುದು, ಅಲುಗಿದ ಮುಖವನ್ನು ಯಾವ ಸಾಫ್ಟ್‌ವೇರೂ ಪೂರ್ತಿ ನೆಟ್ಟಗೆ ತಂದುಕೊಡುವುದಿಲ್ಲ.

ಎಕ್ಸ್‌ಪೋಶರ್‌ಗೆ (ಫೋಟೋಗೆ ಬೀಳುವ ಬೆಳಕಿನ ಪ್ರಮಾಣಕ್ಕೆ) ಒಂದು ವಾರ ಸಾಕು. ಬಿಳಿ ಬಟ್ಟೆಯೊಂದನ್ನು ಚೌಕಟ್ಟು ತುಂಬುವಂತೆ ತೆಗೆಯಿರಿ, ಆಮೇಲೆ ಕಪ್ಪು ಬಟ್ಟೆಯನ್ನು. ಎರಡೂ ಬೂದುಬಣ್ಣಕ್ಕೆ ತಿರುಗಿರುತ್ತವೆ. ಎದುರಿಗೆ ಏನೇ ಇದ್ದರೂ ಅದನ್ನು ನಡುಬೂದು ಎಂದು ಲೆಕ್ಕ ಹಿಡಿಯುವುದು ಕ್ಯಾಮೆರಾದೊಳಗೆ ಬೆಳಕು ಅಳೆಯುವ ಮೀಟರಿನ ಕೆಲಸ. ಎಕ್ಸ್‌ಪೋಶರ್ ಕಾಂಪೆನ್ಸೇಶನ್ (+/−) ಮೂಲಕ ಬಿಳಿಗೆ +1ರಿಂದ +1⅔ ಸ್ಟಾಪ್ (ಒಂದು ಸ್ಟಾಪ್ ಏರಿಸಿದರೆ ಬೆಳಕು ಎರಡು ಪಟ್ಟು) ಕೊಟ್ಟಾಗ, ಕಪ್ಪಿಗೆ −1ರ ಆಸುಪಾಸಿಗೆ ಇಳಿಸಿದಾಗ ಬಣ್ಣ ತನ್ನ ಜಾಗಕ್ಕೆ ಬರುತ್ತದೆ. ಹಿಸ್ಟೋಗ್ರಾಂ (ಕಪ್ಪಿನಿಂದ ಬಿಳಿಯವರೆಗೆ ಬೆಳಕಿನ ಹಂಚಿಕೆ ತೋರಿಸುವ ನಕ್ಷೆ) ಬಲ ಅಂಚಿಗೆ ಒತ್ತಿಕೊಂಡು ನಿಂತಿದ್ದರೆ ಬಿಳಿಯೊಳಗಿನ ನೆರಿಗೆಗಳು ಹೋದವು ಎಂದೇ ಅರ್ಥ. ಮೊಬೈಲಿನಲ್ಲೂ ಇದು ಸಾಧ್ಯ: ಪರದೆಯ ಮೇಲೆ ಬೆರಳನ್ನು ಒತ್ತಿ ಹಿಡಿದರೆ ಹೆಚ್ಚಿನ ಫೋನುಗಳಲ್ಲಿ ಫೋಕಸ್, ಎಕ್ಸ್‌ಪೋಶರ್ ಎರಡೂ ಲಾಕ್ ಆಗುತ್ತವೆ. ಆಮೇಲೆ ಪಕ್ಕದ ಸೂರ್ಯನ ಗುರುತನ್ನು ಮೇಲೆ ಕೆಳಗೆ ಸರಿಸಿ.

ಬೆಳಕಿಗೆ ಮಾತ್ರ ಎರಡು ಮೂರು ವಾರ ಕೊಡಿ. ಬೇಕಾದದ್ದು ನೇರ ಬಿಸಿಲು ಬೀಳದ ಒಂದು ಕಿಟಕಿ, ಒಂದು ಮೇಜು, ಹಿಡಿಕೆಯಿರುವ ಒಂದು ಬಿಳಿ ಚಹಾ ಕಪ್. ಕಪ್ ಅನ್ನು ಕಿಟಕಿಯಿಂದ ಒಂದು ಮೀಟರ್ ದೂರ ಇಟ್ಟು, ಕೋಣೆಯ ಎಲ್ಲ ದೀಪಗಳನ್ನೂ ಆರಿಸಿ. ಇದನ್ನು ಮರೆಯುವವರೇ ಹೆಚ್ಚು. ಹಗಲ ಬೆಳಕು ಸುಮಾರು 5500 ಕೆಲ್ವಿನ್ (ಬೆಳಕಿನ ಬಣ್ಣದ ಅಳತೆ), ಬೆಚ್ಚನೆಯ ಹಳದಿ ಬಲ್ಬು 2800ರ ಆಸುಪಾಸು. ಎರಡೂ ಒಟ್ಟಿಗೆ ಬಿದ್ದರೆ ಕಪ್ಪಿನ ಒಂದು ಮಗ್ಗುಲು ನೀಲಿ, ಇನ್ನೊಂದು ಹಳದಿ ಆಗುತ್ತದೆ. ಒಂದಕ್ಕೆ ವೈಟ್ ಬ್ಯಾಲೆನ್ಸ್ (ಬೆಳಕಿನ ಬಣ್ಣಕ್ಕೆ ತಕ್ಕ ಹೊಂದಾಣಿಕೆ) ಸರಿಮಾಡಿದರೆ ಇನ್ನೊಂದು ಕೆಡುತ್ತದೆ.

ಮೊದಲು ಕಿಟಕಿಗೆ ಬೆನ್ನು ಹಾಕಿ ತೆಗೆಯಿರಿ. ಕಪ್ ಕಾಗದದಲ್ಲಿ ಕತ್ತರಿಸಿ ಅಂಟಿಸಿದಂತೆ ಚಪ್ಪಟೆ ಕಾಣುತ್ತದೆ, ಹಿಡಿಕೆ ಎಲ್ಲಿ ಶುರುವಾಯಿತೆಂಬುದೂ ತಿಳಿಯುವುದಿಲ್ಲ. ಕಾಲು ಸುತ್ತು ಸರಿದು, ಕಿಟಕಿ ನಿಮ್ಮ ಎಡಕ್ಕೆ ಬರುವಂತೆ ನಿಲ್ಲಿ. ಈಗ ನೆರಳು ಒಂದು ಮಗ್ಗುಲಿಂದ ಇನ್ನೊಂದಕ್ಕೆ ನಿಧಾನಕ್ಕೆ ದಟ್ಟವಾಗುತ್ತಾ ಹೋಗಿ ಕಪ್ ದುಂಡಗಾಗುತ್ತದೆ, ಹಿಡಿಕೆಗೂ ತನ್ನದೇ ಪುಟ್ಟ ನೆರಳು ಹುಟ್ಟುತ್ತದೆ. ಇನ್ನೂ ಸರಿದು ಕಿಟಕಿಗೆ ಎದುರಾಗಿ ತೆಗೆದರೆ ಬಾಯಂಚು ಹೊಳೆಯುತ್ತದೆ, ಮುಂಭಾಗ ಮಬ್ಬಾಗುತ್ತದೆ, +1 ಕೊಡಬೇಕಾಗುತ್ತದೆ. ಮುಂದಿನ ವಾರ ಎಡಗಡೆಯ ಬೆಳಕಿಗೇ ಮರಳಿ, ನೆರಳಿನ ಕಡೆ ಒಂದು ಬಿಳಿ ಹಾಳೆಯನ್ನು 20 ಸೆಂಟಿಮೀಟರ್ ದೂರದಲ್ಲಿ ಹಿಡಿಯಿರಿ. ನೆರಳು ತಿಳಿಯಾಗುತ್ತದೆ. ಹತ್ತು ಸೆಂಟಿಮೀಟರ್‌ಗೆ ತನ್ನಿ, ಇನ್ನೂ ತಿಳಿ. ಹಾಳೆಯ ಬದಲು ಕಪ್ಪು ಬಟ್ಟೆ ಹಿಡಿದರೆ ನೆರಳು ಆಳವಾಗುತ್ತದೆ. ಮೂರನೆಯ ವಾರ ಕಪ್ಪಿನ ಜಾಗಕ್ಕೆ ಮನೆಯವರೊಬ್ಬರನ್ನು ಕೂರಿಸಿ. ಹಿಡಿಕೆ ಇದ್ದಲ್ಲಿ ಮೂಗು ಬರುತ್ತದೆ, ಉಳಿದದ್ದೆಲ್ಲ ಅದೇ.

ಅಪರ್ಚರ್‌ನ ವಾರಕ್ಕೆ ಒಂದೇ ಲೆಕ್ಕ ಹೇಳಿ ಮುಂದೆ ಹೋಗಬಹುದು (ಎಫ್ ಮುಂದಿನ ಸಂಖ್ಯೆ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು). ಫುಲ್ ಫ್ರೇಮ್ (35 ಎಂಎಂ ಫಿಲ್ಮಿನಷ್ಟೇ ದೊಡ್ಡ ಸೆನ್ಸರಿನ) ಕ್ಯಾಮೆರಾದಲ್ಲಿ 50 ಎಂಎಂ ಲೆನ್ಸಿನಿಂದ ಒಂದೂವರೆ ಮೀಟರ್ ದೂರದವರನ್ನು ಎಫ್/1.8ರಲ್ಲಿ ತೆಗೆದರೆ ಸ್ಪಷ್ಟವಾಗಿ ಉಳಿಯುವ ಆಳ ಸುಮಾರು 10 ಸೆಂಟಿಮೀಟರ್. ಎಫ್/8ಕ್ಕೆ ಹೋದರೆ 40 ಸೆಂಟಿಮೀಟರ್ ದಾಟುತ್ತದೆ. ಇಬ್ಬರು ಅಕ್ಕಪಕ್ಕ ನಿಂತು ಒಬ್ಬರು ಒಂದು ಗೇಣು ಹಿಂದಿದ್ದರೆ ಎಫ್/1.8ರಲ್ಲಿ ಇಬ್ಬರೂ ಶಾರ್ಪ್ ಬರುವುದಿಲ್ಲ. ಕಾಂಪೊಸಿಷನ್‌ಗೆ ಜೂಮ್ ಮುಟ್ಟದೆ ಒಂದೇ ಫೋಕಲ್ ಲೆಂತ್‌ನಲ್ಲಿ ನಾಲ್ಕು ವಾರ ಕಳೆಯಿರಿ, ಕ್ಲಿಕ್ಕಿಸುವ ಮುನ್ನ ಕಣ್ಣನ್ನು ನಾಲ್ಕು ಮೂಲೆಗೂ ಓಡಿಸಿ. ತಲೆಯಿಂದ ಎದ್ದ ಕಂಬವೂ ಅಂಚಿನಲ್ಲಿ ಇಣುಕುವ ಅರ್ಧ ಚಪ್ಪಲಿಯೂ ಆಗಲೇ ಕಾಣುತ್ತವೆ. ಮೂರರ ನಿಯಮ (ಚೌಕಟ್ಟನ್ನು ಉದ್ದಕ್ಕೂ ಅಡ್ಡಕ್ಕೂ ಮೂರು ಪಾಲು ಮಾಡಿ, ಮುಖ್ಯವಾದದ್ದನ್ನು ಆ ಗೆರೆಗಳ ಮೇಲಿಡುವುದು) ಅದರ ನಂತರದ ಮಾತು.

ಇನ್ನು ನೋಡುವ ಗಂಟೆ. ತೆಗೆದ ದಿನವೇ ಬೇಡ, ಮರುದಿನ ಕೂತರೆ ಕಣ್ಣು ನಿಷ್ಠುರವಾಗಿರುತ್ತದೆ. ಆದಷ್ಟು ದೊಡ್ಡ ಪರದೆಯಲ್ಲಿ, ಪಕ್ಕದಲ್ಲಿ ಎಕ್ಸಿಫ್ ಮಾಹಿತಿ (ಫೋಟೋ ಜೊತೆಗೇ ದಾಖಲಾಗುವ ವೇಗ, ಅಪರ್ಚರ್ ಮುಂತಾದ ವಿವರ) ತೆರೆದಿಟ್ಟುಕೊಂಡು, ಒಂದು ನೋಟುಬುಕ್ಕಿನಲ್ಲಿ ಮೂರು ಕಾಲಂ ಹಾಕಿ: ಫ್ರೇಮ್ ಸಂಖ್ಯೆ, ತಪ್ಪು, ಕಾರಣ. "14: ಮುಖ ಮಸುಕು, ಹಿಂದಿನ ಬಾಗಿಲು ಶಾರ್ಪ್. ಫೋಕಸ್ ಪಾಯಿಂಟ್ ನಡುವೆಯೇ ಇತ್ತು." "22: ಕೈ ಉಜ್ಜಿದೆ. 1/40." ಇಷ್ಟು ಸಾಕು. "ಚೆನ್ನಾಗಿಲ್ಲ" ಎಂದು ಬರೆದರೆ ಪ್ರಯೋಜನವಿಲ್ಲ, ಕಾರಣದ ಕಾಲಂ ಖಾಲಿ ಉಳಿಯುತ್ತದೆ. ಅತಿ ಹೆಚ್ಚು ಸಲ ಬಂದ ತಪ್ಪೇ ಮುಂದಿನ ವಾರದ ವಿಷಯ. 52 ವಾರಕ್ಕೆ 52 ವಿಷಯ ಎಂಬ ಸಿದ್ಧ ಪಟ್ಟಿಗಳಲ್ಲಿ "ಕೆಂಪು", "ಪ್ರತಿಬಿಂಬ", "ಒಂಟಿತನ" ಎಂದೆಲ್ಲ ಇರುತ್ತದೆ. ಏನನ್ನು ತೆಗೆಯಬೇಕೆಂದು ಅವು ಹೇಳುತ್ತವೆ, ಹೋದ ವಾರ ನಿಮ್ಮ ಕೈ ಎಲ್ಲಿ ತಪ್ಪಿತೆಂದು ಅವಕ್ಕೆ ಹೇಗೆ ಗೊತ್ತಾಗಬೇಕು? ಒಂದು ವಾರ ತಪ್ಪಿದರೆ ಮರುವಾರ 72 ತೆಗೆದು ತೂಗಿಸಲು ಹೋಗಬೇಡಿ.

ಎಂಟು ವಾರಕ್ಕೊಮ್ಮೆ ಪುಸ್ತಕದ ಕಪಾಟಿಗೆ ಮರಳಿ ಅದೇ ದೂರ, ಅದೇ ವೇಗಗಳಲ್ಲಿ ಮತ್ತೆ ತೆಗೆಯಿರಿ. 1/30ರಲ್ಲಿ ಆರಕ್ಕೆ ಎರಡು ಬರುತ್ತಿದ್ದದ್ದು ಈಗ ನಾಲ್ಕಾಗಿದೆಯೋ ಇಲ್ಲವೋ ಎಣಿಸಿ ನೋಡಬಹುದು.

ಕ್ಯಾಮೆರಾ ಬದಲಿಸಬೇಕೇ ಎಂಬುದಕ್ಕೂ ಆ ನೋಟುಬುಕ್ಕೇ ಉತ್ತರ ಕೊಡುತ್ತದೆ. ಕಾರಣದ ಕಾಲಂನಲ್ಲಿ ವಾರಗಟ್ಟಲೆ "1/125, ಎಫ್/5.6, ಐಎಸ್‌ಒ 6400, ಕಾಳು" ಎಂದೇ ಬರುತ್ತಿದ್ದರೆ, ಕೈ ಸರಿಯಿದೆ, ಬೆಳಕು ಸಾಲದು. ಆಗಲೂ ಬೇಕಾಗುವುದು ಹೊಸ ಕ್ಯಾಮೆರಾಕ್ಕಿಂತ ಮೊದಲು ಎಫ್/1.8ರ ಒಂದು ಲೆನ್ಸ್. ಎಫ್/5.6ಕ್ಕೆ ಹೋಲಿಸಿದರೆ ಅದು ಒಳಬಿಡುವುದು ಸುಮಾರು ಹತ್ತು ಪಟ್ಟು ಬೆಳಕು, ಹಾಗಾಗಿ 6400 ಇದ್ದಲ್ಲಿ 640 ಸಾಕಾಗುತ್ತದೆ. ಅದರ ಜೊತೆಗೇ ಮೇಲೆ ಹೇಳಿದ ಆ ಹತ್ತು ಸೆಂಟಿಮೀಟರ್ ಆಳವೂ ಮನೆಗೆ ಬರುವುದರಿಂದ, ಲೆನ್ಸ್ ಕೈಗೆ ಬಂದ ಮೊದಲ ವಾರದ 36 ಫ್ರೇಮುಗಳನ್ನು ಪೂರ್ತಿ ಕಣ್ಣಿಗೆ ಫೋಕಸ್ ಹಿಡಿಯುವುದಕ್ಕೇ ಮೀಸಲಿಡಿ.